ಖಾಲಿ ಚೌಕಟ್ಟಿನ ಮೆರವಣಿಗೆ

ಹೆಗಲ ಮೇಲೆ ಹೊತ್ತು ತಂದ ಚೌಕಟ್ಟಿನಲ್ಲಿ ಮಾತೆ ಮರಿಯಮ್ಮನ ಚಿತ್ರವೇ ಇರಲಿಲ್ಲ. ಊರೂರು ಸುತ್ತುತ್ತಿದ್ದ ಚಿತ್ರವನ್ನು ಕಮ್ಯುನಿಸ್ಟ್ ಸರ್ಕಾರ ದಾರಿಯಲ್ಲೇ ವಶಪಡಿಸಿಕೊಂಡಿತ್ತು. ಪೋಲೆಂಡಿನ ಆ ಹಳ್ಳಿಯವರು ಖಾಲಿ ಚೌಕಟ್ಟಿಗೇ ಹೂ ಮುಡಿಸಿದ್ದರು.

ಶಾಲೆಯ ಟೀಚರ್ ಒಟಿಲಿಯಾ ಬೇಲಿಗೆ ಒರಗಿ ನಿಂತಿದ್ದಳು.

"ಟೀಚರಮ್ಮ, ನಿಮ್ಮೋರು ಬರೀ ಗಾಳಿಗೆ ಅಡ್ಡಬೀಳ್ತಿದಾರಲ್ಲ!" ಪೊಲೀಸಿನವನು ನಕ್ಕ. "ನೀವೂ ಮಂಡಿಯೂರಿದ್ರೆ ಕೆಲಸ ಹೋಯ್ತು ಅಂತಲೇ ತಿಳ್ಕೊಳ್ಳಿ. ಮನೇಲಿ ಕೂತು ಆಲೂಗಡ್ಡೆ ಸುಲೀಬೇಕಾಗುತ್ತೆ."

"ಚಿತ್ರಾನ ಹಿಡ್ಕೊಂಡು ಹೋದ್ರಿ. ಗಾಳೀನ ಯಾವಾಗ ಹಿಡೀತೀರಪ್ಪ?" ಪಕ್ಕದಲ್ಲಿದ್ದ ಮುದುಕಿ ಕೇಳಿದಳು.

ಚೌಕಟ್ಟು ಎದುರಿಗೆ ಬಂತು. ಚಿತ್ರವಿರಬೇಕಾದಲ್ಲಿ ರಸ್ತೆಯಾಚೆ ಮಂಡಿಯೂರಿದ್ದ ಹೆಂಗಸರ ಮುಖಗಳು, ಒದ್ದೆ ತಲೆವಸ್ತ್ರಗಳು, ಅವರ ಹಿಂದೆ ಅಷ್ಟಗಲ ಆಕಾಶ ಕಂಡವು. ಮೊಣಕಾಲಿಗೆ ಕೆಸರು ತಣ್ಣಗೆ ತಾಗಿದಾಗಲೇ ತಾನೂ ಮಂಡಿಯೂರಿದ್ದು ಒಟಿಲಿಯಾಳಿಗೆ ತಿಳಿದದ್ದು.