ಮಗ್ಗ ನಿಂತ ಮಧ್ಯಾಹ್ನ

“ಯಜಮಾನ್ರ, ಒಂದೀಟು ಮಗ್ಗ ಬಂದ್ ಮಾಡ್ರಿ! ನೀವು ಹೇಳೂದು ನನಗ ಕೇಳವಲ್ದು!”

ವಿಮಾ ಕಂಪನಿಯಿಂದ ವಿಚಾರಣೆಗೆ ಬಂದಿದ್ದ ಅಕೀಲ ಮೂರನೆಯ ಸಲ ಕೂಗಿದ ಮೇಲೆ ಹೊಳಬಸಪ್ಪ ಎದ್ದು ಹೋಗಿ ಬಟನ್ ಒತ್ತಿದ. ಎರಡೂ ಪವರ್‌ಲೂಮು ಗಕ್ಕನೆ ನಿಂತವು. ಇಳಕಲ್ಲಿನ ಆ ಓಣಿಯಲ್ಲಿ ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಕರೆಂಟು ಹೋದಾಗಷ್ಟೇ ಮಂದಿ ಮೆಲ್ಲಗೆ ಮಾತಾಡುತ್ತಾರೆ. ಹಾಡಹಗಲು, ಕರೆಂಟು ಇದ್ದೂ ಮಗ್ಗ ನಿಲ್ಲಿಸುವುದೆಂದರೆ ಹೊಳಬಸಪ್ಪನಿಗೆ ಉಣ್ಣುವ ತಾಟು ಬಿಟ್ಟು ಎದ್ದಂತೆ.

ಆದರೇನು ಮಾಡುವುದು, ಅಕೀಲ ಬಂದದ್ದು ಮಗಳ ಸಲುವಾಗಿ. ಹತ್ತನೇ ತರಗತಿಯ ಬಸವೇಶ್ವರಿ ದಸರಾ ರಜೆ ಮುಗಿದರೂ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಊಟ ಒಲ್ಲೆ, ನಿದ್ದೆ ಒಲ್ಲೆ, ಮಾತಂತೂ ಮೊದಲೇ ಒಲ್ಲೆ. ಬಾಗಲಕೋಟೆಯ ಮನೋವೈದ್ಯರು ನೋಡಿ, “ಗುಳಿಗಿಗಿಂತ ಮಾತು ಮುಖ್ಯ. ವಾರಕ್ಕೊಮ್ಮೆ ಕೌನ್ಸೆಲಿಂಗಿಗೆ ಕರಕೊಂಡು ಬರ್ರಿ, ಹದಿನಾರು ವಾರ” ಎಂದಿದ್ದರು. ಹದಿನಾರು ವಾರದ ಫೀ ಒಬ್ಬ ನೇಕಾರನ ಕೈಗೆ ನಿಲುಕುವಂಥದ್ದಲ್ಲ. ಹೋದ ವರ್ಷ ಯುಗಾದಿಗೆ ಮಾಡಿಸಿದ್ದ ಆರೋಗ್ಯ ವಿಮೆಯೇ ಈಗ ಗತಿ.

“ನಿಮ್ಮ ಪಾಲಿಸಿ ಚಲೋ ಐತ್ರಿ,” ಅಕೀಲ ಫಾರ್ಮು ಬಿಚ್ಚಿದ. “ಭಾಳ ಪಾಲಿಸಿ ದವಾಖಾನ್ಯಾಗ ಮಲಗಿದ್ರಷ್ಟ ರೊಕ್ಕ ಕೊಡ್ತಾವ. ನಿಮ್ದರಾಗ ಅಡ್ಮಿಟ್ ಆಗಲಾರದ ತೋರಿಸಿದ್ದಕ್ಕೂ ಐತಿ, ಮನಸಿನ ಬ್ಯಾನಿಗೂ ಐತಿ. ನಾ ಕೇಳೂದು ಒಂದ ಮಾತು. ಇದು ಯಾವಾಗಿಂದ ಚಾಲೂ ಆಗೇತಿ? ಪಾಲಿಸಿಗಿಂತ ಮೊದಲಿನ ಬ್ಯಾನಿ ಇದ್ರ ಮೂರು ವರ್ಷ ಕಾಯಬೇಕಾಗ್ತದ.”

“ದಸರಾದಿಂದರಿ,” ಎಂದ ಹೊಳಬಸಪ್ಪ. ಸುಳ್ಳು ಹೇಳಲಿಲ್ಲ ಪಾಪ. ಅವನು ನಂಬಿದ್ದೇ ಹಾಗೆ.

“ಅಲ್ಲ.”

ಯಾರು ಅಂದದ್ದೆಂದು ಹೊಳಬಸಪ್ಪನಿಗೆ ತಟ್ಟನೆ ತಿಳಿಯಲೇ ಇಲ್ಲ. ಸಂತೆಗೆ ಹೋಗಿದ್ದ ತಾಯಿಯ ಬದಲಿಗೆ ಮೂಲೆಯಲ್ಲಿ ನೂಲು ಸುತ್ತುತ್ತ ಕುಳಿತಿದ್ದ ಬಸವೇಶ್ವರಿ ಎದ್ದು ನಿಂತಿದ್ದಳು.

“ಎಂಟನೇ ಇಯತ್ತೆ ಇದ್ದಾಗಿಂದ. ಪಂಚಮಿ ಆದ ಮರುದಿನದಿಂದ.”

ಹೊಳಬಸಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎಂಟನೆಯದೆಂದರೆ ಎರಡು ವರ್ಷದ ಹಿಂದೆ, ಪಾಲಿಸಿಗಿಂತ ಮೊದಲು. “ಏ, ಸುಮ್ಕಿರು! ನಿನಗೇನ್ ತಿಳಿತೈತಿ? ಸಾಹೇಬ್ರ, ಸಣ್ಣ ಹುಡುಗಿ ಅದು. ದಸರಾದಿಂದ ಅಂತನ ಬರೀರಿ.”

ಅಕೀಲನ ಪೆನ್ನು ಕಾಗದದ ಮೇಲೆಯೇ ನಿಂತಿತು. “ಅಕಿ ಹೇಳಿದ್ದು ಬರದ್ರ ಸದ್ಯಕ್ಕ ಒಂದು ಪೈಸಾನೂ ಬರಂಗಿಲ್ರಿ. ನೀವು ಹೇಳಿದ್ದು ಬರದ್ರ, ಅಕಿ ಹೇಳಿದ್ದು ಸುಳ್ಳು ಅಂದಂಗಾತು. ಸಹಿ ನಿಮ್ದು. ನೀವ ಹೇಳ್ರಿ.”

ಬಸವೇಶ್ವರಿ ಒಳಗೆ ಹೊರಟಳು. ಇದು ಹೀಗೇ ಆಗುತ್ತದೆಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. ಅದನ್ನು ನೋಡಿ ಅಪ್ಪ ಅಡ್ಡ ಬಂದ.

“ತಡೀ ಬಸೂ. ಹಂಗಿದ್ರ ಅವತ್ತ ನನಗ್ಯಾಕ ಹೇಳಲಿಲ್ಲ?”

“ಹೇಳಿದ್ನೆಪ್ಪಾ. ಎದಿ ಮ್ಯಾಲೆ ಯಾರೋ ಕುಂತಂಗ ಆಗ್ತೈತಿ, ಸಾಲಿಗೆ ಹೋಗಾಕ ಅಂಜಿಕಿ ಬರ್ತೈತಿ ಅಂತ, ಇಲ್ಲೇ ನಿಂತು ಹೇಳಿದ್ನಿ. ನೀ ಹೂಂ ಅಂತ ಗೋಣು ಹಾಕಿದಿ.” ನಿಂತ ಮಗ್ಗದ ಕಡೆ ನೋಡಿ ಹೇಳಿದಳು: “ಮಗ್ಗ ನಡದಿತ್ತು.”

ಹಾಗೆ ಎಷ್ಟು ಮಂದಿಗೆ, ಎಷ್ಟು ಸಲ ಗೋಣು ಹಾಕಿದ್ದನೋ ಅವನಿಗೇ ಲೆಕ್ಕವಿಲ್ಲ. ಕಿವಿಗೆ ಬೀಳದಿದ್ದರೂ ಹೂಂ ಅಂದುಬಿಡುವುದು ಮಗ್ಗದವರ ರೂಢಿ, ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಮರುವರ್ಷದ ಪಂಚಮಿಗೆ ಓಣಿಯ ಹುಡುಗಿಯರೆಲ್ಲ ಜೋಕಾಲಿಗೆ ಮುಗಿಬಿದ್ದಾಗ ಇವಳೊಬ್ಬಳು ಹೊಸ್ತಿಲು ದಾಟಿರಲಿಲ್ಲ. “ನಮ್ಮ ಬಸೂ ದೊಡ್ಡಾಕಿ ಆದಳು ನೋಡ” ಎಂದು ಹೆಂಡತಿಯ ಮುಂದೆ ನಕ್ಕಿದ್ದ. ಆ ನಗೆ ನೆನಪಾಗಿ ಹೊಳಬಸಪ್ಪನಿಗೆ ಈಗ ತಲೆ ಎತ್ತಲಾಗಲಿಲ್ಲ.

“ಅಕಿ ಹೇಳಿದ್ದ ಬರೀರಿ ಸಾಹೇಬ್ರ.”

“ವಿಚಾರ ಮಾಡಿ ಹೇಳ್ರಿ. ಒಮ್ಮೆ ಬರದ ಮ್ಯಾಲೆ ತಿದ್ದಾಕ ಬರಂಗಿಲ್ಲ.”

“ಎರಡು ವರ್ಷದ ಮ್ಯಾಲೆ ಬಾಯಿ ಬಿಟ್ಟಾಳ್ರಿ. ಅದನ್ನ ಸುಳ್ಳು ಮಾಡಿ ನಾ ಯಾವ ದವಾಖಾನಿಗೆ ಕರಕೊಂಡು ಹೋಗ್ಲಿ?”

ಅಕೀಲ ಬರೆದುಕೊಂಡ, ಸಹಿ ಹಾಕಿಸಿಕೊಂಡ. ಎದ್ದು ಚಪ್ಪಲಿ ಮೆಟ್ಟುತ್ತ, “ಸರಕಾರಿ ಜಿಲ್ಲಾ ದವಾಖಾನ್ಯಾಗೂ ಮಾತಾಡಸೋ ಮಂದಿ ಅದಾರ್ರಿ. ಪಾಳಿ ಹಚ್ಚಬೇಕು, ತಡಾ ಆಗ್ತದ, ಆದ್ರ ಫೀ ಇಲ್ಲ. ಪಾಲಿಸಿ ಮಾತ್ರ ಬಿಡಬ್ಯಾಡ್ರಿ, ಕಟ್ಟಕೋತ ಹೋಗ್ರಿ. ಬರ್ತೇನಿ ತಂಗಿ” ಎಂದು ಹೊರಟ.

ಹೊಳಬಸಪ್ಪನ ಕೈ ರೂಢಿಯಂತೆ ಬಟನ್ ಕಡೆ ಹೋಯಿತು. ಅಲ್ಲೇ ತಡೆದ. ತಿರುಗಿ ಬಂದು, ನೂಲಿನ ಬುಟ್ಟಿಯನ್ನು ಬದಿಗೆ ಸರಿಸಿ ಮಗಳ ಎದುರಿಗೆ ನೆಲದ ಮೇಲೆ ಕುಳಿತ.

“ಹೇಳವ್ವಾ. ಅವತ್ತಿಂದ ಹೇಳು.”

ಅವಳೂ ಕೆಳಗೆ ಕುಳಿತಳು. ಆಮೇಲೆ ಒಂದೊಂದೇ ಮಾತು ಬರತೊಡಗಿತು. ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ ಪಕ್ಕದ ಮನೆಯ ಮರೆವ್ವನ ಕೂಗು: “ಏ ಹೊಳಬಸೂ, ನಿಮ್ಮ ಮಗ್ಗ ಯಾಕ ನಿಂತಾವೋ? ಕರೆಂಟ್ ಹೋತೇನ?”

“ಕರೆಂಟ್ ಐತಿ ಚಿಗವ್ವಾ,” ಹೊಳಬಸಪ್ಪ ಮಗಳ ಮುಖದಿಂದ ಕಣ್ಣು ತೆಗೆಯದೆ ಹೇಳಿದ. “ನಮ್ಮ ಹುಡುಗಿ ಮಾತಾಡಾಕತ್ತಾಳ.”