ಮೂವತ್ತೊಂದನೇ ವಾರದ ಚುಕ್ಕೆ

ಗ್ರಾಫಿನಲ್ಲಿ ಒಂದು ಚುಕ್ಕೆ ತಪ್ಪು ವಾರದಲ್ಲಿ ಕೂತಿತ್ತು. ಮೂವತ್ತೊಂದನೇ ವಾರದಲ್ಲಿ ಇರಬೇಕಾದದ್ದು ಮೂವತ್ತೆರಡರಲ್ಲಿತ್ತು.

ಆರೋಗ್ಯ ಕಚೇರಿಯಲ್ಲಿ ಅವರನ್ನು ಎಲ್ಲರೂ ವಾರದ ಮೇಷ್ಟ್ರು ಎನ್ನುತ್ತಿದ್ದರು. ರೋಗಿಗಳ ತಾರೀಖನ್ನು ವಾರದ ಸಂಖ್ಯೆಗೆ ತಿರುಗಿಸಿ ಗ್ರಾಫ್ ಮಾಡಿಸುವುದು ಅವರ ಕೆಲಸ. ನಿಮ್ಮ ಮದುವೆಯ ತಾರೀಖು ಹೇಳಿದರೆ ಸಾಕು, ಅದು ವರ್ಷದ ಎಷ್ಟನೇ ವಾರ ಎಂದು ಕೇಳದಿದ್ದರೂ ಹೇಳಿಬಿಡುತ್ತಿದ್ದರು. ಈ ಸಲ ರೋಗ ಅವರ ಕಚೇರಿಗೇ ಬಂದಿತ್ತು. ನಲವತ್ತು ಜನರಿಗೆ ವಾಂತಿಭೇದಿ, ಎಲ್ಲವೂ ಮೂವತ್ತೆರಡನೇ ವಾರದಲ್ಲಿ. ಕ್ಯಾಂಟೀನಿಗೆ ಹೊಸ ಅಡುಗೆಯಾಕೆ ಬಂದದ್ದೂ ಅದೇ ವಾರದ ಸೋಮವಾರ. ಅವಳನ್ನು ಕೆಲಸದಿಂದ ತೆಗೆಯುವ ಆದೇಶ ದೊಡ್ಡ ಡಾಕ್ಟರ ಮೇಜಿನ ಮೇಲೆ ಸಹಿಗೆ ಕಾದಿತ್ತು.

"ಅವತ್ತು ನೀವೂ ನನ್ನ ಅಡುಗೆ ಉಂಡ್ರಲ್ಲ ಸಾರ್," ಎಂದಳು ದೊಡ್ಡ ಡಾಕ್ಟರ ಕೋಣೆಯ ಬಾಗಿಲ ಬಳಿ ನಿಂತ ಅಡುಗೆಯಾಕೆ. "ನಿಮಗೇನೂ ಆಗ್ಲಿಲ್ಲ."

ಮೇಷ್ಟ್ರಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಗ್ರಾಫಿನ ಕೆಳಗಿದ್ದದ್ದು ಅವರದೇ ಸಹಿ. ಬಡ್ತಿಯ ಗುಂಗಿನಲ್ಲಿ ತಾರೀಖು ನೋಡಿರಲಿಲ್ಲ. ಆ ಸೋಮವಾರ ಒಬ್ಬರನ್ನೂ ಬಿಡದೆ ತಟ್ಟೆ ತಟ್ಟೆಗೆ ಸಿಹಿ ಬಡಿಸಿದ್ದರು. ಸಕ್ಕರೆ ಕಾಯಿಲೆಯಿಂದಾಗಿ ತಾವು ಮಾತ್ರ ಬಾಯಿ ಕಟ್ಟಿದ್ದರು. ಪಾಪ, ಹೆಂಡತಿ ಭಾನುವಾರವಿಡೀ ತುತ್ತು ಅನ್ನ ಮುಟ್ಟದೆ, ಕೂತಲ್ಲಿ ಕೂರದೆ ಐವತ್ತು ಜನಕ್ಕೆ ಅದನ್ನು ಮಾಡಿದ್ದಳು. ಗಂಡನ ಏಳಿಗೆಗೆ ಅಷ್ಟು ಸಡಗರ.

"ಭಾನುವಾರದ ರೋಗಿ ಯಾವ ವಾರಕ್ಕಮ್ಮ ಸೇರೋದು?" ಅವರು ಎಲ್ಲರೆದುರೇ ಗ್ರಾಫ್ ಹಾಕುವ ತಮ್ಮ ಸಹಾಯಕಿಯನ್ನು ಕೇಳಿದರು.

"ಹಿಂದಿನ ವಾರಕ್ಕೆ ಸಾರ್. ಹೊಸ ವಾರ ಸೋಮವಾರ ಶುರು. ನೀವೇ ಹೇಳಿಕೊಟ್ಟಿದ್ದು."

"ಗೊತ್ತಿದ್ದೂ ಮುಂದಿನ ವಾರಕ್ಕೆ ಹಾಕಿದ್ದೀಯಲ್ಲ. ಒಂದು ಚುಕ್ಕೆ ಅತ್ತಿತ್ತ ಆದ್ರೆ ಒಬ್ಬರ ಅನ್ನ ಹೋಗುತ್ತೆ."

ಎರಡು ವರ್ಷದಲ್ಲಿ ಒಂದು ತಪ್ಪೂ ಮಾಡದ ಹುಡುಗಿ ತಲೆ ತಗ್ಗಿಸಿದಳು. ಅಡುಗೆಯಾಕೆಯ ಕಡೆ ಒಮ್ಮೆ ನೋಡಿ ಕಣ್ಣು ತುಂಬಿಕೊಂಡಳು. "ನಂದೇ ತಪ್ಪು ಸಾರ್. ಈಗಲೇ ತಿದ್ದಿಬಿಡ್ತೀನಿ. ಆ ರೋಗಿಯ ಕಾರ್ಡು ಮಾತ್ರ ತೆಗೀಬೇಡಿ."

ಮೇಷ್ಟ್ರು ಕೇಳಲಿಲ್ಲ. ತಪ್ಪನ್ನು ಬುಡಸಮೇತ ತೋರಿಸದೆ ಬಿಡುವವರಲ್ಲ ಅವರು.

ದೊಡ್ಡ ಡಾಕ್ಟರು ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು. "ಈಕೆ ಬರೋ ಮೊದಲೇ ಕಾಯಿಲೆ ಇತ್ತು ಅಂದ್ಮೇಲೆ ಈಕೆ ತಪ್ಪೇನಿದೆ? ನೀನು ಹೋಗಮ್ಮ, ಒಲೆ ಹಚ್ಚು. ಆ ಮೊದಲ ರೋಗಿ ಯಾರು, ಓದಿ ಮೇಷ್ಟ್ರೇ."

ಕ್ಲಿನಿಕ್ಕಿನಿಂದ ಬರುವ ಕಾರ್ಡಿನಲ್ಲಿ ಹೆಸರು ಇರುವುದಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. "ಹೆಂಗಸು. ಐವತ್ತೊಂದು ವರ್ಷ. ವಾಂತಿಭೇದಿ ಶುರುವಾದದ್ದು ಭಾನುವಾರ ಬೆಳಿಗ್ಗೆ. ಮೂರು ದಿನ ಯಾರಿಗೂ ಅಡುಗೆ ಮಾಡಬಾರದೆಂದು ಹೇಳಿದೆ. ವಿಳಾಸ..."

ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟಿ ಹೊರಟುಬಂದದ್ದು ಅದೇ ಮನೆಯಿಂದ.