ಬಾಗಿಲ ಎದುರಿನ ಗೂಬೆ

ಗೂಬೆ ಮತ್ತೆ ಮಾಯವಾಗಿತ್ತು.

ಜಯರಾಮಯ್ಯ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಎದುರಿನ ಗೋಡೆಯನ್ನು ದಿಟ್ಟಿಸಿದ. ನವಿಲು ಇತ್ತು. ಕೌಜುಗ ಇತ್ತು. ಮಿಂಚುಳ್ಳಿ, ಪಿಕಳಾರ, ಕಂಡರೆ ಒಳ್ಳೆಯದಾಗುತ್ತದೆಂದು ಜನ ಕೈಮುಗಿಯುವ ರತ್ನಪಕ್ಷಿ, ಎಲ್ಲವೂ ಇದ್ದವು. ಅವನ ಮನೆಬಾಗಿಲಿಗೆ ನೇರವಾಗಿ ಕಣ್ಣುಬಿಟ್ಟು ಕೂತಿದ್ದ ಗೂಬೆಯ ಜಾಗದಲ್ಲಿ ಮಾತ್ರ ಹಸಿ ಸುಣ್ಣ.

ಮಧುಗಿರಿ ಬೆಟ್ಟದ ಬುಡದ ಆ ಬೀದಿಯಲ್ಲಿ, ನೀರಿನ ಟ್ಯಾಂಕಿನ ಕಾಂಪೌಂಡಿಗೆ ಮುಖಮಾಡಿ ನಿಂತು ಗಂಡಸರು ಮಾಡಬಾರದ್ದನ್ನು ಮಾಡುತ್ತಿದ್ದರು. ಅದನ್ನು ನಿಲ್ಲಿಸಲೆಂದೇ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಮಂಗಳಾ ಗೋಡೆ ತುಂಬ ಊರಿನ ಹಕ್ಕಿಗಳನ್ನು ಬಿಡಿಸಲು ಹೊರಟರು. "ಗೂಬೇನೂ ನಮ್ಮೂರಿನದೇ ಅಲ್ವಾ?" ಎಂದು ಅದನ್ನೂ ಕೂರಿಸಿದರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಜಯರಾಮಯ್ಯನೇ.

"ಭಾನುವಾರ ನನ್ ಮಗಳನ್ನ ನೋಡೋಕೆ ಬತ್ತಾವ್ರೆ ಕಣಮ್ಮ. ಬಾಗ್ಲು ಎದ್ರಿಗೇ ಇದನ್ನ ಬರ್ದುಬುಟ್ರೆ ಹೆಂಗೆ?"

ಹೆಣ್ಣು ಹೆತ್ತವನು ಅಷ್ಟಾದರೂ ಕೂಗಾಡದಿದ್ದರೆ ಬೀದಿಯವರು ಏನೆಂದುಕೊಂಡಾರು? ಒಳಗೊಳಗೆ ಮಾತ್ರ ಅವನಿಗೆ ಮಂಗಳಾ ಟೀಚರಿಗೆ ಅಡ್ಡಬೀಳೋಣ ಅನ್ನಿಸಿತ್ತು.

ನೋಡಲು ಬರುತ್ತಿದ್ದವಳು ಅವನ ಸ್ವಂತ ಅಕ್ಕ, ಗೌಡಗೆರೆಯ ನರಸಿಂಹಮ್ಮ. ತನ್ನ ಮಗ ನವೀನ್ ಕುಮಾರನಿಗೆ ತಮ್ಮನ ಮಗಳು ಶೃತಿಯನ್ನು ಕೇಳುವವಳಿದ್ದಳು. ತಾಯಿ ಸತ್ತ ಮೇಲೆ ಜಯರಾಮಯ್ಯನನ್ನು ಎತ್ತಿ ಬೆಳೆಸಿದ ಅಕ್ಕ. ಅವಳು ಬಾಯಿಬಿಟ್ಟು ಹೆಣ್ಣು ಕೇಳಿದರೆ ಇಲ್ಲವೆನ್ನುವ ನಾಲಿಗೆ ಅವನಿಗಿರಲಿಲ್ಲ. ಹಾಗೆಂದು ಮಗಳನ್ನು ಆ ಮನೆಗೆ ಕೊಡುವುದೇ? ಸಾರಿಗೆ ಎಷ್ಟು ಉಪ್ಪು ಬೀಳಬೇಕು ಎಂಬಲ್ಲಿಂದ ಯಾರು ಯಾವ ಮಗ್ಗುಲಿಗೆ ಮಲಗಬೇಕು ಎಂಬವರೆಗೆ ಅಲ್ಲಿ ನರಸಿಂಹಮ್ಮನದೇ ಕಾನೂನು. ತಾಯಿಯಿಲ್ಲದ ಮಗಳು ಅಲ್ಲಿ ಕೊರಗಿ ಕಡ್ಡಿಯಾಗುವುದು ಖಂಡಿತ.

ಅಕ್ಕನನ್ನು ತಡೆಯಬಲ್ಲದ್ದು ಒಂದೇ, ಶಕುನ. ಬೆಕ್ಕು ಅಡ್ಡ ಬಂತೆಂದು ನೆಂಟರ ಮದುವೆಗೆ ಹೊರಟ ಟೆಂಪೋವನ್ನೇ ಅರ್ಧ ದಾರಿಯಿಂದ ವಾಪಸು ತಿರುಗಿಸಿದ ಹೆಂಗಸು ಅವಳು. ಹೆಣ್ಣಿನ ಮನೆಯೆದುರು ಗೂಬೆಯ ಮುಖ ಕಂಡರೆ ಕಾರಿನಿಂದ ಕಾಲು ಕೆಳಗಿಡುವವಳಲ್ಲ. ಒಮ್ಮೆ ಅಪಶಕುನವಾದ ಸಂಬಂಧದ ಮಾತನ್ನು ಅವರ ಮನೆತನದಲ್ಲಿ ಮತ್ತೆ ಯಾರೂ ಎತ್ತುವುದಿಲ್ಲ. ತಮ್ಮನ ತಪ್ಪೂ ಇಲ್ಲ, ಅಕ್ಕನ ಮುನಿಸೂ ಇಲ್ಲ.

ಆದರೆ ಯಾರೋ ಅಳಿಸುತ್ತಿದ್ದರು. ಮಂಗಳಾ ಟೀಚರ್ ಇನ್ನೊಮ್ಮೆ ಬಿಡಿಸಿ, ಅದಕ್ಕೂ ಸುಣ್ಣ ಬಿದ್ದಾಗ, "ನಿಮ್ಮ ಬೀದಿ ಸಹವಾಸ ಸಾಕು" ಎಂದು ಗೋಡೆಯ ಆ ತುದಿಗೆ ಹೋಗಿ ಗಿಳಿ ಶುರುಮಾಡಿಕೊಂಡರು. ಆಮೇಲೆ ಜಯರಾಮಯ್ಯನೇ ಕೈಹಾಕಿದ. ಮೋಟಾರು ರಿಪೇರಿ ಅಂಗಡಿಯವನು, ಕಪ್ಪು ಪೇಂಟಿಗೆ ಬರವೇ? ಬೀದಿಯೆಲ್ಲ ಧಾರಾವಾಹಿ ನೋಡುತ್ತ ಒಳಗೆ ಕೂತ ಸಂಜೆಯಲ್ಲಿ ಹೋಗಿ ಬಿಡಿಸಿ ಬಂದ. ಗೂಬೆ ಅನ್ನುವುದಕ್ಕಿಂತ ಕಿವಿ ಮೂಡಿದ ಕುಂಬಳಕಾಯಿಯಂತಿತ್ತು. ಕಣ್ಣು ಮಾತ್ರ ನೋಡಿದವರ ಎದೆ ಝಲ್ಲೆನ್ನುವಂತೆ ಬಂದಿತ್ತು. ಅವನಿಗೆ ಬೇಕಾದದ್ದೂ ಅಷ್ಟೇ. ಈಗ ನೋಡಿದರೆ ಅದೂ ಇಲ್ಲ.

ಪಕ್ಕದ ಮನೆಯ ಓಬಳರಾಜು ಬಂದು ಬೆನ್ನು ತಟ್ಟಿದ. "ಗೂಬೆ ಅಳ್ಸಿ ಒಳ್ಳೇ ಕೆಲ್ಸ ಮಾಡ್ದೆ ಕಣಯ್ಯ. ಹೆತ್ತ ಮಗಳಿಗೋಸ್ಕರ ಅಷ್ಟೂ ಮಾಡ್ದಿದ್ರೆ ಹೆಂಗೆ?"

ಜಯರಾಮಯ್ಯ ಹಲ್ಲುಕಿರಿದ. ತಾನೇ ಅಳಿಸಿ ನನ್ನ ತಲೆಗೆ ಕಟ್ಟುತ್ತಿದ್ದಾನೆ, ಕಳ್ಳ ಇವನೇ ಎಂದು ಖಾತ್ರಿಯಾಯಿತು. ನರಸಿಂಹಮ್ಮ ಊರಿಂದ ಬಂದಾಗಲೆಲ್ಲ ಇವನಿಗೆಂದೇ ಒಂದು ಚೀಲ ಕಡಲೆಕಾಯಿ ತರುತ್ತಾಳೆ. ತಿಂದ ಋಣ ತೀರಿಸುತ್ತಿದ್ದಾನೆ, ಪಾಪಿ.

ಮನೆಯೊಳಗೆ ಮಗಳ ಸ್ಥಿತಿ ನೋಡುವಂತಿರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಮನೆಯನ್ನು ತಿಕ್ಕಿ, ತೊಳೆದು, ಬಳಿದು ಇಡುತ್ತಿದ್ದಳು. ಕಣ್ಣು ಕೆಂಪಾಗಿತ್ತು, ಬೆರಳೆಲ್ಲ ಒಡೆದಿತ್ತು. ಅತ್ತಿರಬೇಕು ಅಂದುಕೊಂಡ.

"ಯಾಕಮ್ಮ ಇಷ್ಟೊಂದು ಒದ್ದಾಡ್ತೀಯ?"

"ಅತ್ತೆ ಬರ್ತಾರಲ್ಲಪ್ಪ," ಎಂದಳು ಶೃತಿ ತಲೆ ತಗ್ಗಿಸಿ. "ನೀನು ಎದುರು ಮಾತಾಡಕ್ಕೆ ಹೋಗ್ಬೇಡ. ಅವ್ರು ಏನಂದ್ರೂ ಹೂಂ ಅಂದ್ಬುಡು."

ಜಯರಾಮಯ್ಯ ಮಗಳ ಒಡೆದ ಬೆರಳುಗಳನ್ನೇ ನೋಡಿದ. ಅಪ್ಪ ಅಕ್ಕನ ಮುಂದೆ ಚಿಕ್ಕವನಾಗಬಾರದೆಂದು ಈ ಕೂಸು ತಾನೇ ತಲೆ ಕೊಡಲು ಹೊರಟಿದೆ. ಇಂಥವಳನ್ನು ನಿನಗೆ ಇಷ್ಟವೋ ಇಲ್ಲವೋ ಎಂದು ಬೇರೆ ಕೇಳಬೇಕೇ? ಹೆತ್ತವನಿಗೆ ಅಷ್ಟೂ ತಿಳಿಯುವುದಿಲ್ಲವೇ? ಪ್ರಾಣ ಹೋದರೂ ಸರಿ, ಭಾನುವಾರ ಆ ಗೋಡೆಯ ಮೇಲೆ ಗೂಬೆ ಇರಲೇಬೇಕು ಎಂದು ತೀರ್ಮಾನಿಸಿದ.

ಶನಿವಾರ ಸಂಜೆ ಮೊದಲಿಗಿಂತ ದೊಡ್ಡದಾಗಿ ಬಿಡಿಸಿದ. ಭಾನುವಾರ ಬೆಳಕು ಹರಿಯುವಷ್ಟರಲ್ಲಿ, ಬೇಕಾದರೆ ಮತ್ತೆ ಬಿಡಿಸಲು ಪೇಂಟಿನ ಡಬ್ಬಿ ಹಿಡಿದುಕೊಂಡು, ಟ್ಯಾಂಕಿನ ಗೇಟಿನ ಮರೆಯಲ್ಲಿ ಕಾದು ನಿಂತ. ಸ್ವಲ್ಪ ಹೊತ್ತಿಗೆ ತಲೆತುಂಬ ಟವೆಲು ಹೊದ್ದ ಆಕೃತಿಯೊಂದು ಬಕೆಟ್ಟು ಹಿಡಿದು ಬಂತು. ಸುಣ್ಣದಲ್ಲಿ ಬ್ರಷ್ಷು ಅದ್ದಿತು. ಗೂಬೆಯ ಒಂದು ಕಣ್ಣು ಮುಚ್ಚಿತು.

ಜಯರಾಮಯ್ಯ ಹಿಂದಿನಿಂದ ನುಗ್ಗಿ ರಟ್ಟೆ ಹಿಡಿದ. "ಸಿಕ್ಬಿದ್ದೆಯಾ, ಓಬಳರಾಜು!"

ಟವೆಲು ಜಾರಿತು. ಶೃತಿ!

ಅವನು ಡಬ್ಬಿಯನ್ನು ಸರಕ್ಕನೆ ಬೆನ್ನ ಹಿಂದೆ ಮರೆಮಾಡಿದ. ಅವಳು ಗಾಬರಿಯಾಗಲಿಲ್ಲ. ಅಪ್ಪನೂ ಅದೇ ಕೆಲಸಕ್ಕೆ ಬಂದಿದ್ದಾನೆಂದು ಅವಳ ಮುಖ ಅರಳಿತು.

"ಶ್, ಮೆಲ್ಲಗಪ್ಪಾ! ಯಾವನೋ ಮನೆಹಾಳ ದಿನಾ ಬಂದು ಇದನ್ನ ಬರೀತಾವ್ನೆ, ನೀನೂ ಒಂದು ಕೈ ಹಾಕು; ನವೀನ್ ಬಾವ ಅಲ್ಲಿ ಊಟ ಬಿಟ್ಟು ಹಟ ಹಿಡಿದ ಮೇಲಲ್ವಾ, ಅತ್ತೆ ನನ್ನ ಕೇಳಕ್ಕೆ ಒಪ್ಪಿರೋದು!"